ಎರಡು ಸ್ಪ್ರಿಂಗ್, ಒಂದು ಡಯಾಫ್ರಂ: ನನ್ನ 1966ರ ಮಸ್ಟ್ಯಾಂಗ್ ಕೊನೆಗೂ ಓಡಿದ ಬಗೆ

ಕಳೆದ ವರ್ಷ ಏಪ್ರಿಲ್‌ನಿಂದ ನವೆಂಬರ್‌ವರೆಗೆ ನನ್ನ 1966ರ ಫೋರ್ಡ್ ಮಸ್ಟ್ಯಾಂಗ್ ಸುಮಾರು ಆರು ಸಾವಿರ ಮೈಲಿ ಓಡಿತು. ವಾರಕ್ಕೆ ನಾಲ್ಕು ದಿನ ಕಚೇರಿಗೆ ಅದರಲ್ಲೇ ಹೋಗಿ ಬಂದೆ. ಒಮ್ಮೆಯೂ ಟೋ ಟ್ರಕ್ ಕರೆಸಲಿಲ್ಲ. ಎಂಜಿನ್ ಅದೇ 200 ಘನ ಅಂಗುಲದ ನೇರ ಆರು ಸಿಲಿಂಡರ್, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಅದೇ ಆಟೋಲೈಟ್ 1100, ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅದೇ ಲೋಡ್-ಓ-ಮ್ಯಾಟಿಕ್. ಈ ಮೂರರಲ್ಲಿ ಒಂದನ್ನಾದರೂ ಕಿತ್ತೆಸೆ ಎಂದು ಹೇಳದ ಒಬ್ಬ ಮನುಷ್ಯನೂ ಡೆಟ್ರಾಯಿಟ್ ಸುತ್ತಮುತ್ತ ನನಗೆ ಸಿಕ್ಕಿರಲಿಲ್ಲ. ಕೆಲವರು ವಿ-8 ಕೂರಿಸು ಎಂದರು, ಕೆಲವರು ಫ್ಯೂಯೆಲ್ ಇಂಜೆಕ್ಷನ್ ಹಾಕು ಎಂದರು. ಸ್ವಲ್ಪ ಕರುಣೆ ತೋರಿದವರು 1968ರ ನಂತರದ ಡಿಸ್ಟ್ರಿಬ್ಯೂಟರನ್ನಾದರೂ ತಂದು ಹಾಕು ಎಂದರು. ನಾನು ಯಾವುದನ್ನೂ ಹಾಕಲಿಲ್ಲ. ಕಾರು ಓಡುತ್ತಿದೆ. ಹೇಗೆ ಎಂಬುದನ್ನು ಬರೆಯುವ ಹಕ್ಕು ಈಗ ನನಗೆ ಬಂದಿದೆ ಎಂದುಕೊಂಡಿದ್ದೇನೆ.

ಕಾರು ಕೊಂಡದ್ದು 2017ರ ಶರತ್ಕಾಲದಲ್ಲಿ, ಮಿಷಿಗನ್‌ನ ಒಂದು ಹಳ್ಳಿಯ ಕೊಟ್ಟಿಗೆಯಿಂದ. ಏಳು ಸಾವಿರದ ಚಿಲ್ಲರೆ ಡಾಲರ್ ಕೊಟ್ಟ ನೆನಪು. ಬಾಗಿಲಿನ ತಗಡಿನ ಮೇಲೆ 6ಎಫ್07ಟಿ ಎಂದು ಶುರುವಾಗುವ ಸಂಖ್ಯೆ. ಗೊತ್ತಿದ್ದವರಿಗೆ ಅಷ್ಟರಲ್ಲೇ ಜಾತಕವೆಲ್ಲ ತಿಳಿಯುತ್ತದೆ: 1966, ಡಿಯರ್‌ಬಾರ್ನ್ ಕಾರ್ಖಾನೆ, ಹಾರ್ಡ್‌ಟಾಪ್, ಆರು ಸಿಲಿಂಡರಿನ 200. ನಾನಿರುವ ಟ್ರಾಯ್ ಊರಿನಿಂದ ಡಿಯರ್‌ಬಾರ್ನ್ ಮುಕ್ಕಾಲು ಗಂಟೆಯ ದಾರಿ. ಆ ವರ್ಷ ಆರು ಲಕ್ಷಕ್ಕೂ ಹೆಚ್ಚು ಮಸ್ಟ್ಯಾಂಗ್‌ಗಳು ತಯಾರಾದವು, ಅಪರೂಪದ ಕಾರು ಎಂದು ಯಾರಾದರೂ ಹೆಚ್ಚಿಗೆ ಬೆಲೆ ಹೇಳಿದರೆ ನಂಬಬೇಡಿ. ಸಂಗ್ರಹಕಾರರು ವಿ-8 ಹಿಂದೆ ಓಡುತ್ತಾರೆ, ಆರು ಸಿಲಿಂಡರ್ ಅವರಿಗೆ ಬೇಡ. ಆದ್ದರಿಂದಲೇ ನನ್ನ ಕೈಗೆ ಎಟುಕಿತು.

ಹಳೆಯ ಅಮೆರಿಕನ್ ಕಾರಿನ ಹುಚ್ಚು ನನಗೆ ಇಲ್ಲಿಗೆ ಬಂದ ಮೇಲೆ ಹಿಡಿದದ್ದಲ್ಲ. ಮೂಡಿಗೆರೆಯ ಬಳಿ ಸೋದರಮಾವನ ತೋಟದ ಷೆಡ್ಡಿನಲ್ಲಿ ಒಂದು ಡಾಡ್ಜ್ ಕಿಂಗ್ಸ್‌ವೇ ನಿಂತಿತ್ತು, ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಜೋಡಿಸಿದ್ದು. ನಾನು ಕಂಡಾಗ ಅದು ಓಡುತ್ತಿರಲಿಲ್ಲ. ಕಾಫಿ ಚೀಲಗಳ ನಡುವೆ ಕೂತು ಅದರ ಸ್ಟೀರಿಂಗ್ ತಿರುಗಿಸುತ್ತ ಬೇಸಿಗೆ ರಜೆ ಕಳೆದಿದ್ದೇನೆ. ಆ ಸೀಟಿನ ವಾಸನೆ, ಹಳೆಯ ಪೆಟ್ರೋಲು ಮತ್ತು ತೇವ ಬಟ್ಟೆ ಕೂಡಿದ ಆ ವಾಸನೆ, ಈ ಮಸ್ಟ್ಯಾಂಗ್‌ನ ಬಾಗಿಲು ತೆರೆದಾಗ ಮತ್ತೆ ಬಂತು. ಚೌಕಾಶಿ ಮಾಡುವ ಶಕ್ತಿ ಅಲ್ಲಿಗೆ ಉಡುಗಿಹೋಯಿತು.

ಮೊದಲು ತುಕ್ಕಿನ ಕತೆ ಹೇಳಿಬಿಡುತ್ತೇನೆ, ಯಾಕೆಂದರೆ ಹಣ ಹೆಚ್ಚು ಕರಗಿದ್ದು ಅಲ್ಲಿ. ಈ ಕಾರುಗಳ ಕೌಲ್, ಅಂದರೆ ಮುಂದಿನ ಗಾಜಿನ ಬುಡದ ಟೊಳ್ಳು ತಗಡಿನ ಪೆಟ್ಟಿಗೆ, ದೊಡ್ಡ ತಲೆನೋವು: ಗಾಜಿನ ಕೆಳಗಿನ ಜಾಲರಿಯಿಂದ ನೀರು ಒಳಗೆ ಇಳಿಯುತ್ತದೆ, ಎಲೆ ಕೊಳೆಯುತ್ತದೆ, ಗಾಳಿಕೊಳವೆಯ ಬುಡ ತೂತಾಗುತ್ತದೆ, ಮಳೆ ಬಂದರೆ ಚಾಲಕನ ಪಾದದ ಮೇಲೇ ನೀರು ಸುರಿಯುತ್ತದೆ. ನಾನು ಮೊದಲ ವರ್ಷ ಮಾಡಿದ ತಪ್ಪು ಎಂದರೆ ಕೆಳಗಿನ ನೆಲದ ತಗಡನ್ನು ಮೊದಲು ಬದಲಿಸಿದ್ದು. ಹೊಸ ತಗಡು, ಪ್ರೈಮರ್, ಬಣ್ಣ, ಕಾರ್ಪೆಟ್ ಎಲ್ಲ ಸೇರಿ ಸಾವಿರದ ಇನ್ನೂರು ಡಾಲರ್. ಒಂದೇ ಮಳೆಗಾಲದಲ್ಲಿ ಕಾರ್ಪೆಟ್ ಕೆಳಗೆ ಮತ್ತೆ ಕಂದು ಕಲೆ. ಮೇಲಿನ ಸೋರಿಕೆ ನಿಲ್ಲಿಸದೆ ಕೆಳಗೆ ದುಡ್ಡು ಹಾಕಬಾರದು. ಕೌಲ್ ಬದಲಿಸಲು ಒಂದು ವರ್ಕ್‌ಶಾಪ್ ಸುಮಾರು ಐದು ಸಾವಿರ ಡಾಲರ್ ಕೇಳಿತು, ಇನ್ನೊಂದು ಆರು ಕೇಳಿತು. ಏಳು ಸಾವಿರದ ಕಾರಿಗೆ ಇದು ಮೂಗಿಗಿಂತ ಮೂಗುತಿ ಭಾರ. ಒಂದು ಮಿಗ್ ವೆಲ್ಡರ್ ಕೊಂಡೆ, ಏಳುನೂರಕ್ಕೆ. ಹಳೆಯ ಬಾನೆಟ್ ತುಂಡುಗಳ ಮೇಲೆ ಒಂದು ಚಳಿಗಾಲವೆಲ್ಲ ಕೈ ಪಳಗಿಸಿಕೊಂಡೆ. 2020ರ ವಸಂತದಲ್ಲಿ ಊರೆಲ್ಲ ಮನೆಯೊಳಗೆ ಕೂತಾಗ ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಕೊರೆದು ಕೌಲ್ ಬಿಚ್ಚಿದೆ. ನೂರು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ಕೊರೆಯುವ ಕಟರ್‌ಗಳೇ ಹತ್ತು ಹನ್ನೆರಡು ಮುರಿದವು. ಒಳಗೆ ಐವತ್ತು ವರ್ಷದ ಮೇಪಲ್ ಎಲೆಗಳು ಗೊಬ್ಬರವಾಗಿ ಕೂತಿದ್ದವು. ಮೂರು ತಿಂಗಳು ಹಿಡಿಯಿತು. ಈಗ ಜಾಲರಿಯ ಮೇಲೆ ಐದು ನಿಮಿಷ ಪೈಪಿನಿಂದ ನೀರು ಬಿಟ್ಟರೂ ಒಳಗೆ ಒಂದು ಹನಿ ಬೀಳುವುದಿಲ್ಲ. ಆ ವೆಲ್ಡಿಂಗ್ ನೋಡಿ ಸುತ್ತಿನ ಹಳೆಯ ಕೈಗಳು ಯಾವ ಅಂಗಡಿಯಲ್ಲಿ ಮಾಡಿಸಿದೆ ಎಂದು ಕೇಳಿದಾಗ ಆದ ಸಂತೋಷ ಇನ್ನೂ ಮನಸ್ಸಿನಲ್ಲಿದೆ.

ತುಕ್ಕು ತೆಗೆಯಲು ನಾನು ಕಾಕಂಬಿ ಬಳಸುತ್ತೇನೆ. ದನದ ಮೇವಿನ ಅಂಗಡಿಯಲ್ಲಿ ಸಿಗುವ ಕಪ್ಪು ಕಾಕಂಬಿ, ಒಂದು ಪಾಲಿಗೆ ಒಂಬತ್ತು ಪಾಲು ನೀರು, ಪ್ಲಾಸ್ಟಿಕ್ ಪೀಪಾಯಿ, ಎರಡು ಮೂರು ವಾರ. ಬೋಲ್ಟ್, ಬ್ರಾಕೆಟ್, ಪೆಡಲ್ ಚೌಕಟ್ಟು ಎಲ್ಲ ಬೂದು ಬಣ್ಣದ ಶುದ್ಧ ಕಬ್ಬಿಣವಾಗಿ ಹೊರಬರುತ್ತವೆ. ವಾಷಿಂಗ್ ಸೋಡಾ ಹಾಕಿ ವಿದ್ಯುತ್ ಹರಿಸುವ ವಿಧಾನವನ್ನೂ ಮಾಡಿ ನೋಡಿದ್ದೇನೆ, ಅದು ಬೇಗ ಆಗುತ್ತದೆ, ಆದರೆ ಆನೋಡ್‌ಗೆ ನೇರವಾಗಿ ಎದುರಿರುವ ಮುಖವನ್ನಷ್ಟೇ ಚೆನ್ನಾಗಿ ತೊಳೆಯುತ್ತದೆ. ಕಾಕಂಬಿ ಮೂಲೆ ಸಂದಿಗೂ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಅದು ಹುಳಿತು ಮಂಡ್ಯದ ಸಕ್ಕರೆ ಕಾರ್ಖಾನೆಯ ದಾರಿಯ ವಾಸನೆಯೇ ನಮ್ಮ ಹಿತ್ತಲಿಗೆ ಬಂದಿತ್ತು. ಸತುವಿನ ಎರಕದ ಭಾಗ ಮಾತ್ರ ಅದರೊಳಗೆ ಹಾಕಬೇಡಿ. ಪಾರ್ಕಿಂಗ್ ದೀಪದ ಒಂದು ಚೌಕಟ್ಟು ಗೊತ್ತಿಲ್ಲದೆ ಒಳಗೆ ಸೇರಿ ಹಾಳಾಯಿತು, ಬದಲಿಗೆ ತೊಂಬತ್ತು ಡಾಲರ್ ಕೊಟ್ಟೆ.

ಈಗ ಮುಖ್ಯ ವಿಷಯ. ಕಾರು ಬಂದಾಗ ಅದರ ಮೇಲೆ ಯಾರೋ ಹಾಕಿದ್ದ ರಿಪೇರಿ ಕಾರ್ಬ್ಯುರೇಟರ್ ಇತ್ತು. ಐಡಲ್, ಅಂದರೆ ಕಾರು ನಿಂತಾಗಿನ ಎಂಜಿನ್ ಓಟ, ಚೆನ್ನಾಗಿತ್ತು. ನಲವತ್ತು ಮೈಲಿ ವೇಗ ದಾಟಿದರೆ ಉಸಿರು ಕಟ್ಟಿದಂತೆ ಎಳೆಯುತ್ತಿತ್ತು, ಏರು ಬಂದರೆ ಪಟಪಟ ಸದ್ದು, ರೇಡಿಯೇಟರ್ ಮುಳ್ಳು ಮೇಲಕ್ಕೆ. ನಾನು ಅದನ್ನು ಬಿಸಾಡಿ ಎರಡನೆಯದನ್ನು ಕೊಂಡೆ, ನೂರೆಂಬತ್ತು ಡಾಲರ್. ಅದೇ ಕತೆ. ಮೂರನೆಯದು ನಂತರದ ಕಾಲದ ಏಕಕೊಳವೆ ಕಾರ್ಬ್ಯುರೇಟರ್, ಮುನ್ನೂರು ಚಿಲ್ಲರೆ. ಇನ್ನೂ ಕೆಟ್ಟಿತು. ನಾಲ್ಕನೆಯದು ಅಡಾಪ್ಟರ್ ಇಟ್ಟು ಕೂರಿಸುವ ಎರಡು ಕೊಳವೆಯದು, ಎಲ್ಲ ಸೇರಿ ಐನೂರರ ಹತ್ತಿರ. ಈ ಎಂಜಿನ್‌ನಲ್ಲಿ ಗಾಳಿ-ಪೆಟ್ರೋಲು ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡ್ ಸಿಲಿಂಡರ್ ಹೆಡ್‌ನ ಜೊತೆಯಲ್ಲೇ ಎರಕಗೊಂಡಿದೆ, ಬಾಯಿ ಅಷ್ಟೇ ಸಣ್ಣದು. ಮೇಲೆ ಎಷ್ಟು ದೊಡ್ಡ ಕೊಳವೆ ಇಟ್ಟರೇನು? ನಡುವೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚಿ ಕಿಡಿ ಹಾರಿಸುವ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿದ್ದಕ್ಕೆ ತೊಂಬತ್ತು. ಸಾವಿರ ಡಾಲರ್ ಆವಿಯಾಯಿತು, ಕಾರು ಮಾತ್ರ ನಲವತ್ತರಲ್ಲೇ ನಿಂತಿತು.

2019ರ ಆಗಸ್ಟ್‌ನಲ್ಲಿ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದೆ. 1995ರಿಂದ ಪ್ರತಿ ಆಗಸ್ಟ್‌ನ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂ ತುಂಬ ಹಳೆಯ ಕಾರುಗಳು ಹರಿಯುವ ದಿನ ಅದು. ನಮ್ಮವರಿಗೆ ಹೇಳುವುದಾದರೆ ರಥೋತ್ಸವ. ರಾಯಲ್ ಓಕ್ ದಾಟುವ ಮೊದಲೇ ನನ್ನ ಕಾರು ನಡುರಸ್ತೆಯಲ್ಲಿ ನಿಂತಿತು. ಮಗಳು ಹಿಂದಿನ ಸೀಟಿನಲ್ಲಿದ್ದಳು. ನಾಲ್ಕು ಜನ ಅಪರಿಚಿತರು ಬಂದು ಬದಿಗೆ ತಳ್ಳಿದರು, ನಾಲ್ವರೂ ನಾಲ್ಕು ಸಲಹೆ ಕೊಟ್ಟರು, ನಾಲ್ಕರಲ್ಲಿ ಮೂರು ‘ವಿ-8 ಹಾಕು’ ಎಂಬುದೇ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಗಲು ನನ್ನ ಕೆಲಸ ಎಂಜಿನ್ ಕ್ಯಾಲಿಬ್ರೇಶನ್. ಹೊಸ ಎಂಜಿನ್‌ಗಳ ಕಂಪ್ಯೂಟರಿನಲ್ಲಿ ಯಾವ ವೇಗಕ್ಕೆ, ಯಾವ ಭಾರಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಎಂಬ ಕೋಷ್ಟಕಗಳನ್ನು ತುಂಬುವವರಲ್ಲಿ ನಾನೂ ಒಬ್ಬ. ಒಂದೊಂದು ಎಂಜಿನ್‌ಗೆ ಹತ್ತಾರು ಕೋಷ್ಟಕ, ಒಂದೊಂದರಲ್ಲಿ ನೂರಾರು ಮನೆ. ಆ ನಿದ್ದೆಯಿಲ್ಲದ ರಾತ್ರಿ ಹೊಳೆದದ್ದು ಇಷ್ಟು: ಈ ಹಳೆಯ ಡಿಸ್ಟ್ರಿಬ್ಯೂಟರ್‌ಗೂ ಒಂದು ಕೋಷ್ಟಕವಿದೆ, ಅದು ಎರಡು ಸ್ಪ್ರಿಂಗ್ ಮತ್ತು ಒಂದು ಡಯಾಫ್ರಂನಲ್ಲಿ, ಅಂದರೆ ಹೀರಿದರೆ ಬಾಗುವ ತೆಳು ಪೊರೆಯಲ್ಲಿ, ಬರೆದಿದೆ. ಅದನ್ನು ಓದುವ ಕಣ್ಣು ಕಾರ್ಬ್ಯುರೇಟರ್‌ನಲ್ಲಿದೆ. ಲೋಡ್-ಓ-ಮ್ಯಾಟಿಕ್‌ನಲ್ಲಿ ವೇಗ ಏರಿದಂತೆ ಹೊರಕ್ಕೆ ಸರಿಯುವ ಸೆಂಟ್ರಿಫ್ಯೂಗಲ್ ತೂಕಗಳಿಲ್ಲ, ಅಡ್ವಾನ್ಸ್, ಅಂದರೆ ಕಿಡಿಯನ್ನು ಮುಂಚೆ ಹಾರಿಸುವುದು, ಪೂರ್ತಿ ವ್ಯಾಕ್ಯೂಮ್‌ನ, ಅಂದರೆ ಎಂಜಿನ್ ಗಾಳಿ ಹೀರುವ ಸೆಳೆತದ ಕೆಲಸ. ಆ ವ್ಯಾಕ್ಯೂಮನ್ನು ಹದ ಮಾಡಿ ಕಳಿಸುವುದು ಆಟೋಲೈಟ್ 1100ರ ಪಕ್ಕದಲ್ಲಿರುವ ಸ್ಪಾರ್ಕ್ ಕಂಟ್ರೋಲ್ ವಾಲ್ವ್. ನಾನು ಕೊಂಡ ಒಂದೂ ಕಾರ್ಬ್ಯುರೇಟರ್‌ನಲ್ಲಿ ಅದು ಸರಿಯಿರಲಿಲ್ಲ. ಎರಡರಲ್ಲಿ ವಾಲ್ವ್ ಸತ್ತಿತ್ತು, ಎರಡರಲ್ಲಿ ಇರಲೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು, ನಾನು ಸಾವಿರ ಡಾಲರ್ ಕೊಟ್ಟು ಕೋಣಗಳನ್ನೇ ಬದಲಿಸುತ್ತಿದ್ದೆ.

ಹೊಸ ಕಾಲದ ಡಿಸ್ಟ್ರಿಬ್ಯೂಟರ್ ಹಾಕಿದರೆ ತೊಂದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ಅದು ನನಗೂ ಗೊತ್ತು. ಹಾಗೆ ಮಾಡಿದವರ ಮೇಲೆ ನನಗೆ ಕೋಪವಿಲ್ಲ. ಆದರೆ ಕಾರ್ಖಾನೆ ಬಿಟ್ಟ ದಿನ ಈ ಜೋಡಿ ಈ ಕಾರನ್ನು ಗಂಟೆಗೆ ಎಪ್ಪತ್ತು ಮೈಲಿ ಓಡಿಸಿತ್ತು. ಈಗ ಓಡಿಸಲಾರದು ಎಂದರೆ ದೋಷ ಎಲ್ಲೋ ಅಳತೆಯಲ್ಲಿದೆ. ಅದನ್ನು ಹುಡುಕಬಲ್ಲೆ ಎಂಬ ಹಟ ಹಿಡಿಯಿತು. ಕಚೇರಿಯಲ್ಲಿ ಹೇಳಿದಾಗ ಕ್ಯಾಲಿಬ್ರೇಶನ್ ಬಲ್ಲವರೇ ತಲೆ ಆಡಿಸಿದರು.

ಮೂಲ ಆಟೋಲೈಟ್ 1100 ಡಿಕ್ಕಿಯಲ್ಲೇ ಇತ್ತು! ಹಿಂದಿನ ಮಾಲೀಕರು ಅದನ್ನು ಬಟ್ಟೆಯಲ್ಲಿ ಸುತ್ತಿ ಒಂದು ಕಾಫಿ ಡಬ್ಬಿಯಲ್ಲಿ ಇಟ್ಟಿದ್ದರು, ನಾನು ಎರಡು ವರ್ಷ ಬಿಚ್ಚಿ ನೋಡಿರಲಿಲ್ಲ. ವಾಲ್ವ್‌ನ ಡಯಾಫ್ರಂ ಹರಿದಿತ್ತು. ಹೊಸ ವಾಲ್ವ್ ಐದು ತರಿಸಿದೆ, ಡಬ್ಬಿಯಿಂದ ತೆಗೆದಾಗಲೇ ಎರಡು ಸೋರುತ್ತಿದ್ದವು. ಕೈ ಪಂಪಿನಲ್ಲಿ ವ್ಯಾಕ್ಯೂಮ್ ಹಿಡಿದು ಒಂದು ನಿಮಿಷ ಬಿಟ್ಟು ನೋಡದೆ ಯಾವುದನ್ನೂ ಕೂರಿಸಬೇಡಿ.

ನಂತರ ಡಿಸ್ಟ್ರಿಬ್ಯೂಟರ್. ಸಾಮಾನ್ಯವಾಗಿ ಇವನ್ನು ಹದ ಮಾಡಲು ತಿರುಗಿಸುವ ಯಂತ್ರ ಬೇಕು, ಅಂಥ ಹಳೆಯ ಯಂತ್ರಕ್ಕೆ ಎರಡು ಸಾವಿರ ಡಾಲರ್ ಕೇಳುತ್ತಾರೆ. ನನಗೆ ಕಂಡ ಸಂಗತಿ ಬಹಳ ಸರಳ: ತೂಕಗಳೇ ಇಲ್ಲದ ಡಿಸ್ಟ್ರಿಬ್ಯೂಟರನ್ನು ತಿರುಗಿಸುವ ಅಗತ್ಯವೇನು? ನಿಲ್ಲಿಸಿಯೇ ಅಳೆಯಬಹುದು. ಪಾಯಿಂಟ್ ಕೂರುವ ಬ್ರೇಕರ್ ಪ್ಲೇಟ್‌ಗೆ ಒಂದು ತಂತಿಯ ಮುಳ್ಳು ಕಟ್ಟಿದೆ, ಕೆಳಗೆ ಮಗಳ ಶಾಲೆಯ ಕೋನಮಾಪಕ ಅಂಟಿಸಿದೆ. ಕಾರಿನ ಸಾಮಾನ್ಯ ವ್ಯಾಕ್ಯೂಮ್ ಗೇಜು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಇಲ್ಲಿ ಬೇಕಾದದ್ದು ನಾಲ್ಕೈದು ಅಂಗುಲ ಪಾದರಸದೊಳಗಿನ ಸೂಕ್ಷ್ಮ ಅಳತೆ. ಆದ್ದರಿಂದ ಗ್ಯಾರೇಜಿನ ಗೋಡೆಗೆ ಆರೇಳು ಅಡಿ ಎತ್ತರದ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಬಿಗಿದು ನೀರು ತುಂಬಿದೆ. ಒಂದು ಅಂಗುಲ ಪಾದರಸ ಎಂದರೆ ಹದಿಮೂರೂವರೆ ಅಂಗುಲ ನೀರು, ಸಣ್ಣ ವ್ಯತ್ಯಾಸವೂ ಗೋಡೆಯ ಮೇಲೆ ದೊಡ್ಡದಾಗಿ ಕಾಣುತ್ತದೆ. ನೀರು ಎದ್ದು ಕಾಣಲಿ ಎಂದು ಕೇಸರಿಬಾತ್‌ಗೆ ಹಾಕುವ ಬಣ್ಣ ಕಲಸಿದೆ. ವ್ಯಾಕ್ಯೂಮ್ ಎಳೆಯಲು ಒಂದು ದೊಡ್ಡ ಸಿರಿಂಜ್. ಎಲ್ಲ ಸೇರಿ ಹದಿನೆಂಟು ಡಾಲರ್ ಆಗಿರಬಹುದು.

ಮೊದಲ ಅಳತೆಯಲ್ಲೇ ಗೊತ್ತಾಯಿತು. ಹಗುರ ಸ್ಪ್ರಿಂಗ್ ಐವತ್ತು ವರ್ಷದಲ್ಲಿ ಸಡಿಲಾಗಿ ಅಡ್ವಾನ್ಸ್ ತೀರ ಬೇಗ ಬರುತ್ತಿತ್ತು, ಗಟ್ಟಿ ಸ್ಪ್ರಿಂಗ್‌ನ ಕಂಬವನ್ನು ಯಾರೋ ಹೊರಕ್ಕೆ ಬಾಗಿಸಿದ್ದರಿಂದ ಕೊನೆಯ ಐದಾರು ಡಿಗ್ರಿ ಬರುತ್ತಲೇ ಇರಲಿಲ್ಲ. ನಲವತ್ತು ಮೈಲಿಯಲ್ಲಿ ಉಸಿರು ಕಟ್ಟುತ್ತಿದ್ದುದು ಅಲ್ಲಿ. ಕಂಬಗಳನ್ನು ಕೂದಲೆಳೆಯಷ್ಟು ಬಾಗಿಸುವುದು, ಅಳೆಯುವುದು, ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುವುದು. ಡಿಸ್ಟ್ರಿಬ್ಯೂಟರಿನ ಒಂದು ಡಿಗ್ರಿ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನಲ್ಲಿ ಎರಡು ಎಂಬುದನ್ನು ಮರೆತು ಒಂದು ವಾರ ಹಾಳುಮಾಡಿದ್ದೂ ಉಂಟು. ಒಟ್ಟು ಇಪ್ಪತ್ತು ಸಂಜೆಗಳಾದರೂ ಆಗಿವೆ. ನಿಲ್ಲಿಸಿ ಅಳೆದದ್ದಕ್ಕೂ ಓಡುವಾಗ ಬರುವುದಕ್ಕೂ ಪಾಯಿಂಟಿನ ತಿಕ್ಕಾಟದಿಂದ ಸ್ವಲ್ಪ ಅಂತರ ಬರುತ್ತದೆ. ಅದನ್ನು ನಾನು ಹೇಗೆ ಕಳೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ನಾನು ಪಟ್ಟ ಪಾಡು ದೊಡ್ಡದು, ಗ್ಯಾರೇಜಿಗೆ ಬಂದವರಿಗೆ ತೋರಿಸುತ್ತೇನೆ. ಹಗುರ ಸ್ಪ್ರಿಂಗ್‌ಗೆ ಬದಲಾಗಿ ಯಾವ ಯಂತ್ರದ ಸ್ಪ್ರಿಂಗ್ ಸರಿಹೊಂದಿತು ಎಂಬುದೂ ಹಾಗೆಯೇ.

ಎಲೆಕ್ಟ್ರಾನಿಕ್ ಮಾಡ್ಯೂಲ್ ತೆಗೆದು ಮತ್ತೆ ಪಾಯಿಂಟ್ ಹಾಕಿದೆ. ಸಂದು 25 ಥೌ (ಥೌ ಎಂದರೆ ಅಂಗುಲದ ಸಾವಿರದಲ್ಲೊಂದು ಪಾಲು), ಡ್ವೆಲ್, ಅಂದರೆ ಪಾಯಿಂಟ್ ಮುಚ್ಚಿರುವ ಕೋನ, 38 ಡಿಗ್ರಿಯ ಆಸುಪಾಸು, ನನ್ನದು ಆಟೋಮ್ಯಾಟಿಕ್ ಆದ್ದರಿಂದ ಆರಂಭದ ಟೈಮಿಂಗ್ 12 ಡಿಗ್ರಿ. 2020ರ ಸೆಪ್ಟೆಂಬರ್‌ನ ಒಂದು ಭಾನುವಾರ ಬೆಳಗ್ಗೆ ಐ-75 ಹೆದ್ದಾರಿಗೆ ಹತ್ತಿಸಿ ಕಾಲು ಒತ್ತಿದೆ. ನಲವತ್ತು, ಐವತ್ತು, ಅರವತ್ತೈದು, ಒಂದು ಬಿಕ್ಕಳಿಕೆ ಇಲ್ಲ. ಕಿಟಕಿ ಇಳಿಸಿ ಕೂಗಿದೆ. ಪಕ್ಕದ ಲೇನಿನ ಟ್ರಕ್ಕಿನ ಚಾಲಕರು ಹಾರ್ನ್ ಹೊಡೆದು ಕೈ ಎತ್ತಿದರು.

ಉಳಿದದ್ದು ಬಿಸಿಯ ಸಮಸ್ಯೆ. ಹತ್ತು ಶೇಕಡಾ ಎಥನಾಲ್ ಇರುವ ಈಗಿನ ಪೆಟ್ರೋಲು ಜುಲೈ ಟ್ರಾಫಿಕ್‌ನಲ್ಲಿ ಕಾರ್ಬ್ಯುರೇಟರ್‌ನೊಳಗೇ ಕುದಿಯುತ್ತದೆ. ಪೆಟ್ರೋಲ್ ನಳಿಕೆಗೆ ಮರದ ಬಟ್ಟೆ ಕ್ಲಿಪ್ ಸಿಕ್ಕಿಸಿದರೆ ಸಾಕು ಎಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಎಂಟು ಕ್ಲಿಪ್ ಸಿಕ್ಕಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ, ಎರಡು ಮೂರು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ, ಅದೂ ಖಾತ್ರಿಯಿಲ್ಲ. ಎಥನಾಲ್ ಇಲ್ಲದ ಪೆಟ್ರೋಲು ಸರೋವರಗಳ ದೋಣಿ ಬಂಕುಗಳಲ್ಲಿ ಸಿಗುತ್ತದೆ, ಗ್ಯಾಲನ್ನಿಗೆ ಒಂದು ಡಾಲರಿಗೂ ಹೆಚ್ಚು ದುಬಾರಿ. ನಾಲ್ಕು ಟ್ಯಾಂಕ್ ಅದನ್ನು, ನಾಲ್ಕು ಟ್ಯಾಂಕ್ ಇದನ್ನು ಹಾಕಿ ನೋಡಿದೆ. ಮೈಲೇಜು ಹತ್ತೊಂಬತ್ತೂವರೆಯಿಂದ ಇಪ್ಪತ್ತೂವರೆಗೆ ಏರಿತು, ದುಡ್ಡಿನ ಲೆಕ್ಕದಲ್ಲಿ ನಷ್ಟವೇ. ನನಗೆ ಕೆಲಸ ಮಾಡಿದ್ದು ನಳಿಕೆಯನ್ನು ಹೆಡ್‌ನಿಂದ ದೂರ ಬಾಗಿಸಿದ್ದು ಮತ್ತು ಕಾರ್ಬ್ಯುರೇಟರ್ ಕೆಳಗೆ ಶಾಖ ತಡೆಯುವ ಒಂದು ಬಿಲ್ಲೆ ಇಟ್ಟದ್ದು. ಹಳೆಯ ರಬ್ಬರ್ ಕೊಳವೆಗಳನ್ನು ಎಥನಾಲ್ ತಿನ್ನುತ್ತದೆ, ಅವನ್ನಂತೂ ಎಲ್ಲರೂ ಬದಲಿಸಲೇಬೇಕು.

ಹೊಸ ಕಾರುಗಳ ಜೊತೆ ಹೋಲಿಕೆ ಮಾಡುವಾಗ ಪ್ರೀತಿ ಕಣ್ಣು ಕಟ್ಟಬಾರದು. ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 2009ರಲ್ಲಿ 1959ರ ಶೆವರ್ಲೆ ಬೆಲ್ ಏರ್ ಮತ್ತು 2009ರ ಮಾಲಿಬು ಎರಡನ್ನೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರು ಗುದ್ದಿಸಿತು. ಹಳೆಯ ಕಾರಿನ ಚಾಲಕನ ಜಾಗ ಪೂರ್ತಿ ಕುಸಿಯಿತು, ಅಲ್ಲಿ ಮನುಷ್ಯನಿದ್ದರೆ ಬದುಕುತ್ತಿರಲಿಲ್ಲ. ಹೊಸದರಲ್ಲಿದ್ದವನಿಗೆ ಕಾಲಿಗಷ್ಟೇ ಪೆಟ್ಟಾಗುತ್ತಿತ್ತು. ಹಳೆಯ ತಗಡು ದಪ್ಪ, ಅದಕ್ಕೇ ಗಟ್ಟಿ ಎನ್ನುವವರಿಗೆ ಆ ವಿಡಿಯೊ ತೋರಿಸುತ್ತೇನೆ. ನನ್ನ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಸ್ಟೀರಿಂಗ್ ಕಂಬ ಮಡಚಿಕೊಳ್ಳುವುದಿಲ್ಲ. ಬ್ರೇಕ್ ಎಣ್ಣೆಗೆ ಒಂದೇ ಪಾತ್ರೆ, ಒಂದು ನಳಿಕೆ ಒಡೆದರೆ ನಾಲ್ಕು ಚಕ್ರವೂ ಕೈಬಿಟ್ಟಂತೆ. ಆದ್ದರಿಂದ ಎಂಜಿನ್‌ನಲ್ಲಿ ಎಷ್ಟು ಹಳಬನೋ ಇಲ್ಲಿ ಅಷ್ಟೇ ಹೊಸಬ ನಾನು: ಎರಡು ಪಾತ್ರೆಯ ಮಾಸ್ಟರ್ ಸಿಲಿಂಡರ್, ಮುಂದಿನ 9 ಅಂಗುಲದ ಡ್ರಮ್ ತೆಗೆದು ಡಿಸ್ಕ್, ಮೂರು ಬಿಂದುವಿನ ಸೀಟ್ ಬೆಲ್ಟ್, ಟ್ಯಾಂಕ್ ಮತ್ತು ಹಿಂದಿನ ಸೀಟಿನ ನಡುವೆ ಉಕ್ಕಿನ ತಗಡು. ಸಾವಿರದ ಎಂಟುನೂರು ಡಾಲರ್ ಆಯಿತು. ಇದರಲ್ಲಿ ಮೂಲರೂಪದ ವಾದ ಮಾಡುವವರ ಜೊತೆ ನಾನು ಮಾತು ಬೆಳೆಸುವುದಿಲ್ಲ, ಮಗಳು ಆ ಕಾರಿನಲ್ಲಿ ಕೂರುತ್ತಾಳೆ.

ಕಚೇರಿಯ ಗೆಳೆಯರ ಹೊಸ ಮಸ್ಟ್ಯಾಂಗನ್ನು ಒಂದು ವಾರಾಂತ್ಯ ಓಡಿಸಿದೆ. 2.3 ಲೀಟರಿನ ಟರ್ಬೊ ಎಂಜಿನ್, 315 ಅಶ್ವಶಕ್ತಿ. ನನ್ನದು 3.3 ಲೀಟರಿಗೆ 120, ಅದೂ 1972ಕ್ಕೆ ಮೊದಲಿನ ಉದಾರ ಲೆಕ್ಕದಲ್ಲಿ. ಹೊಸದರ ತೂಕ ನನ್ನದಕ್ಕಿಂತ ಸುಮಾರು ಐನೂರು ಕಿಲೊ ಹೆಚ್ಚು, ಆದರೂ ಮೈಲೇಜು ಹೆಚ್ಚು, ಹೊಗೆ ಅತ್ಯಲ್ಪ. ಆ ಎಂಜಿನ್‌ನಂಥವುಗಳಿಗೆ ಕೋಷ್ಟಕ ಬರೆಯುವವನಾಗಿ ಅದರ ಮೇಲೆ ನನಗೆ ಗೌರವವಿದೆ. ಆದರೆ ಅದರಲ್ಲಿ ಏನಾದರೂ ತಪ್ಪಿದರೆ ನನಗೆ ತಿಳಿಯುವುದು ಒಂದು ದೀಪ ಹತ್ತಿದಾಗ. ನನ್ನ ಹಳೆಯ ಮಸ್ಟ್ಯಾಂಗ್‌ನಲ್ಲಿ ಕಿಡಿ ಮೂರು ಡಿಗ್ರಿ ತಪ್ಪಿದರೂ ಅಂಗಾಲಿಗೆ ತಿಳಿಯುತ್ತದೆ. ಬಾನೆಟ್ ಎತ್ತಿದರೆ ಎಂಜಿನ್ ಪಕ್ಕದಲ್ಲಿ ನೆಲ ಕಾಣುತ್ತದೆ, ಎರಡೂ ಕೈ ಇಳಿಸಿ ಕೆಲಸ ಮಾಡಬಹುದು. ಮನೆಯ ಹೈಬ್ರಿಡ್ ಕಾರಿನ ಬಂಪರ್ ಹಿಂದಿನ ಒಂದು ಸೆನ್ಸರ್ ಹೋದಾಗ ಅದನ್ನು ಬದಲಿಸಿ ಮತ್ತೆ ಹೊಂದಿಸಲು ಸಾವಿರದ ಒಂಬೈನೂರು ಕೊಟ್ಟೆ. ಆ ಹಣಕ್ಕೆ ನಾನು ಮಸ್ಟ್ಯಾಂಗ್‌ನ ಇಡೀ ಬ್ರೇಕ್ ವ್ಯವಸ್ಥೆ ಬದಲಿಸಿ ಉಳಿದದ್ದರಲ್ಲಿ ಊಟ ಮಾಡಿ ಬಂದಿರುತ್ತಿದ್ದೆ.

ಒಟ್ಟು ಖರ್ಚು ಇಂದಿಗೆ ಹತ್ತೊಂಬತ್ತು ಸಾವಿರ ದಾಟಿದೆ. ಮಾರಿದರೆ ಹದಿನಾರು ಹದಿನೇಳು ಬಂದೀತು. ಸಂಜೆಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

2020ರಲ್ಲಿ ಡ್ರೀಮ್ ಕ್ರೂಸ್ ನಡೆಯಲಿಲ್ಲ. 2021ರಲ್ಲಿ ಫರ್ನ್‌ಡೇಲ್‌ನಿಂದ ಪಾಂಟಿಯಾಕ್‌ವರೆಗೆ ಹೋಗಿ ಹಿಂದಿರುಗಿದೆ, ನಾಲ್ಕು ಗಂಟೆ, ಬಹುಪಾಲು ಮೊದಲ ಗೇರಿನಲ್ಲಿ. ಎರಡು ವರ್ಷದ ಹಿಂದೆ ಕಾರು ತಳ್ಳಿದವರಲ್ಲಿ ಒಬ್ಬರು ರಾಯಲ್ ಓಕ್‌ನ ಅದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಬಾನೆಟ್ ಎತ್ತಿಸಿ ನೋಡಿದರು, ವಿ-8 ಇರಲಿಲ್ಲ. ಅವರ ಬಳಿ ಇದೇ ಎಂಜಿನ್ನಿನ ಒಂದು ಫೋರ್ಡ್ ಫಾಲ್ಕನ್ ಕಾರು ಹತ್ತು ವರ್ಷದಿಂದ ನಿಂತಿದೆಯಂತೆ. ಮರುವಾರ ಅದರ ಡಿಸ್ಟ್ರಿಬ್ಯೂಟರನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಗೋಡೆಯ ಪೈಪಿಗೆ ಹೊಸದಾಗಿ ಬಣ್ಣದ ನೀರು ತುಂಬಿದೆ. ಅದರ ಹಗುರ ಸ್ಪ್ರಿಂಗ್ ನನ್ನದಕ್ಕಿಂತಲೂ ಸಡಿಲಾಗಿತ್ತು, ಹದಕ್ಕೆ ತರಲು ಎರಡು ಶನಿವಾರ ಹಿಡಿಯಿತು.